ಕೀಸುಳಿಗೆ ಒಗ್ಗದ ಹಲಗೆಗೆ ಯಾವ ಸ್ಕ್ರೇಪರ್? ಕರಾವಳಿಯ ಮರಗಳ ಮೇಲೊಂದು ಹೋಲಿಕೆ

ಹಲಸು, ಹೊನ್ನೆ, ಬೀಟೆ ಮುಂತಾಗಿ ಉಡುಪಿ, ಮಂಗಳೂರು ಕಡೆಯ ಮನೆಗಳಲ್ಲಿ ಬಾಗಿಲಿಗೂ ಮಂಚಕ್ಕೂ ತಲೆಮಾರುಗಳಿಂದ ಬಳಕೆಯಾಗುತ್ತ ಬಂದ ಮರಗಳಲ್ಲಿ ನಾರು ಒಂದೇ ದಿಕ್ಕಿಗೆ ಓಡುವುದು ಅಪರೂಪ. ಒಂದು ಪದರದಲ್ಲಿ ಎಡಕ್ಕೆ ವಾಲಿದ ನಾರು ಮುಂದಿನ ಪದರದಲ್ಲಿ ಬಲಕ್ಕೆ ವಾಲಿರುತ್ತದೆ. ಆದ್ದರಿಂದ 45 ಡಿಗ್ರಿಯಲ್ಲಿ ಅಲಗು ಕೂಡಿಸಿದ ಸಾಮಾನ್ಯ ಕೀಸುಳಿ ಹಲಗೆಯ ಒಂದು ಪಟ್ಟಿಯನ್ನು ನಯಗೊಳಿಸುತ್ತಲೇ ಅದರ ಪಕ್ಕದ ಪಟ್ಟಿಯಲ್ಲಿ ನಾರನ್ನು ಕಿತ್ತು ಹಾಕುತ್ತದೆ. ನಮ್ಮ ಆಚಾರಿಗಳು ಇಂಥ ಕಡೆ ಒಡೆದ ಗಾಜಿನ ಚೂರಿನಿಂದ ಹೆರೆಯುವುದನ್ನು ನೋಡಿದವರು ಅನೇಕರಿರಬಹುದು. ಗಾಜು ಮಾಡುವ ಕೆಲಸವನ್ನೇ ಉಕ್ಕಿನ ಅಂಚಿನಲ್ಲಿ ಎಬ್ಬಿಸಿದ ಸೂಕ್ಷ್ಮ ಕೊಕ್ಕೆಯಿಂದ ಮಾಡುವ ಸಾಧನವೇ ಸ್ಕ್ರೇಪರ್. ಅದು ನಾರಿನ ಬುಡಕ್ಕೆ ಸನ್ನೆ ಹಾಕದೆ, ಮೇಲಿನ ತೆಳು ಪದರವನ್ನಷ್ಟೇ ಕತ್ತರಿಸಿ ತೆಗೆಯುತ್ತದೆ. ಹಳೆಯ ಮನೆಯೊಂದನ್ನು ಕೆಡವಿದಾಗ ದೊರೆತ ಹಲಸಿನ ಹಲಗೆಗಳಿಂದ ಊಟದ ಮೇಜು ಮಾಡುವಾಗ, ಬಳಿಕ ಹೊನ್ನೆ ಮತ್ತು ತೇಗದ ಕೆಲಸಗಳಲ್ಲಿ, ನಾನು ನಾಲ್ಕು ಬಗೆಯ ಸ್ಕ್ರೇಪರ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಬಳಸಿ ನೋಡಿದ್ದೇನೆ.

ಮೊದಲನೆಯದು ಕಾರ್ಡ್ ಸ್ಕ್ರೇಪರ್. ಸುಮಾರು 0.8 ಮಿಲಿಮೀಟರ್ ದಪ್ಪದ, ಅಂಗೈಯಲ್ಲಿ ಹಿಡಿಯುವಷ್ಟು ಅಗಲದ ಉಕ್ಕಿನ ತಗಡು ಇದು. ಹಳೆಯ ಕೈಗರಗಸದ ಅಲಗನ್ನು ಕತ್ತರಿಸಿಯೂ ಮಾಡಿಕೊಳ್ಳಬಹುದು. ಅಂಚನ್ನು ಅರದಿಂದ ಚೌಕವಾಗಿಸಿ, ಸಾಣೆಕಲ್ಲಿನ ಮೇಲೆ ನುಣುಪು ಮಾಡಿ, ಅಲಗಿಗಿಂತ ಗಟ್ಟಿಯಾದ ಉಕ್ಕಿನ ಸರಳಿನಿಂದ ಒತ್ತಿ ಎಳೆದರೆ ಕೊಕ್ಕೆ ಏಳುತ್ತದೆ. ಖರ್ಚಿಲ್ಲದ ಈ ಸಾಧನ ಕೊಡುವ ನಯ ದುಬಾರಿ ಸಾಧನಗಳಿಗಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ. ಬಾಗಿದ ಕಾಲು, ಗೋಲಾದ ಅಂಚು, ಗಂಟಿನ ಸುತ್ತಲಿನ ಸಣ್ಣ ಜಾಗ ಇವುಗಳಿಗೆ ಇದರ ಹೊರತು ಬೇರೆ ದಾರಿಯೂ ಇಲ್ಲ. ಆದರೆ ತಗಡನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಬಾಗಿಸಿ ತಳ್ಳುವಾಗ ಅದು ಬಹುಬೇಗ ಬಿಸಿಯಾಗಿ ಬೆರಳು ಸುಡುತ್ತದೆ. ಅಗಲವಾದ ಮೇಜಿನ ಅರ್ಧ ಮುಗಿಯುವ ಮೊದಲೇ ಕೈ ಸೋಲುತ್ತದೆ. ಅದಕ್ಕಿಂತ ಮುಖ್ಯವಾದ ತೊಡಕೆಂದರೆ, ತಳವೇ ಇಲ್ಲದ ಈ ಸಾಧನ ನಾರು ಕಿತ್ತ ಜಾಗದಲ್ಲಿ ಹೆಚ್ಚು ಹೆರೆದು ಅಲ್ಲೊಂದು ತಗ್ಗನ್ನು ಉಳಿಸುತ್ತದೆ. ಕೈಯಾಡಿಸಿದರೆ ಆ ತಗ್ಗು ತಿಳಿಯುವುದಿಲ್ಲ; ಪಾಲಿಶ್ ಹಾಕಿ ಮೇಜನ್ನು ಕಿಟಕಿಯ ಪಕ್ಕ ಇಟ್ಟಾಗ, ಓರೆಯಾಗಿ ಬೀಳುವ ಬೆಳಕು ಅದನ್ನು ಎತ್ತಿ ತೋರಿಸುತ್ತದೆ.

ಈ ತೊಡಕಿಗೆ ಉತ್ತರವಾಗಿ ಬಂದದ್ದು ತಳವಿರುವ ಸ್ಕ್ರೇಪರ್‌ಗಳು. ಅಮೆರಿಕದ ಲಿಯೊನಾರ್ಡ್ ಬೈಲಿ 1855ರಲ್ಲೇ ಅಂಥದ್ದೊಂದಕ್ಕೆ ಪೇಟೆಂಟ್ ಪಡೆದಿದ್ದ. ಅವನ ಪೇಟೆಂಟ್‌ಗಳನ್ನು ಕೊಂಡ ಸ್ಟಾನ್ಲಿ ಕಂಪನಿ ಮುಂದೆ ಹೊರತಂದ 80 ಮತ್ತು 112ನೆಯ ಸಂಖ್ಯೆಯ ಎರಡು ಮಾದರಿಗಳೇ ಇಂದಿಗೂ ಬೇರೆ ಬೇರೆ ತಯಾರಕರ ಕೈಯಲ್ಲಿ ಮುಂದುವರಿದಿವೆ.

80ರ ಮಾದರಿ ನೋಡಲು ಸರಳವಾದದ್ದು: ಎರಡು ಬದಿಗೆ ಚಾಚಿದ ಹಿಡಿಗಳು, ನಡುವೆ ಗಿಡ್ಡ ತಳ, ಮುಂದಕ್ಕೆ ವಾಲಿಕೊಂಡು ನಿಲ್ಲುವ ಸುಮಾರು 70 ಮಿಲಿಮೀಟರ್ ಅಗಲದ ತೆಳು ಅಲಗು, ಅದರ ಹಿಂದೆ ಒಂದು ತಿರುಪು. ಅಲಗಿನ ಅಂಚನ್ನು 45 ಡಿಗ್ರಿ ಓರೆಗೆ ಸಾಣೆ ಹಿಡಿದು ಕೊಕ್ಕೆ ಎಬ್ಬಿಸಿ, ಓರೆಯ ಮುಖ ತಿರುಪಿನ ಕಡೆಗಿರುವಂತೆ ಕೂಡಿಸಬೇಕು. ಚೌಕಟ್ಟನ್ನು ಸಮತಟ್ಟಾದ ಹಲಗೆಯ ಮೇಲಿಟ್ಟು, ಅಲಗು ಹಲಗೆಗೆ ತಾಗುವಂತೆ ಇಳಿಸಿ ಬಿಗಿದ ಬಳಿಕ ಹಿಂದಿನ ತಿರುಪನ್ನು ಸ್ವಲ್ಪ ತಿರುಗಿಸಿದರೆ, ಅಲಗು ನಡುವೆ ಬಾಗಿ ಕೂದಲೆಳೆಯಷ್ಟು ಕೆಳಗೆ ಇಣುಕುತ್ತದೆ. ಹೆಬ್ಬೆರಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಈ ತಿರುಪೇ ಮಾಡುತ್ತದೆ. ವಾಲು ಬದಲಿಸುವ ಅವಕಾಶವಿಲ್ಲದಿರುವುದನ್ನು ಹಲವರು ಕೊರತೆ ಎನ್ನುತ್ತಾರೆ; ನನ್ನ ಮಟ್ಟಿಗೆ ಅದು ಅನುಕೂಲವೇ ಆಗಿದೆ. ಸಾಧನ ಕೆಲಸ ಮಾಡದಿದ್ದರೆ ದೋಷ ಕೊಕ್ಕೆಯಲ್ಲಿದೆ ಎಂಬುದು ಖಚಿತವಾಗಿರುವುದರಿಂದ, ಕಲಿಯುವವರು ಬೇರೆಲ್ಲೂ ಹುಡುಕಬೇಕಾಗಿಲ್ಲ. ಹಲಸಿನ ಮೇಲೆ ಇದು ತೆಗೆಯುವ ಸುರುಳಿ ಕಾರ್ಡ್ ಸ್ಕ್ರೇಪರಿನದಕ್ಕಿಂತ ದಪ್ಪ. ಕಿತ್ತ ನಾರಿನ ಗುರುತನ್ನು ಇಷ್ಟು ಬೇಗ ಅಳಿಸಿದ ಸಾಧನ ಈ ನಾಲ್ಕರಲ್ಲಿ ಮತ್ತೊಂದಿಲ್ಲ. ತಳ ಗಿಡ್ಡವಾದ್ದರಿಂದ ಹಲಗೆಯ ನಸು ಏರಿಳಿತವನ್ನು ಅನುಸರಿಸುತ್ತದೆಯೇ ಹೊರತು ಅದನ್ನು ತಿದ್ದುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

112ರ ಮಾದರಿ ಹೆಸರಿಗೂ ರೂಪಕ್ಕೂ ನಿಜವಾದ ಸ್ಕ್ರೇಪರ್ ಕೀಸುಳಿ. 23 ಸೆಂಟಿಮೀಟರ್‌ನಷ್ಟು ಉದ್ದದ ತಳ, ಕೀಸುಳಿಗಿರುವಂಥದ್ದೇ ಹಿಡಿ ಮತ್ತು ಗುಬುಟು, ಅಲಗಿನ ವಾಲನ್ನು ಹಿಂದೆ ಮುಂದೆ ಮಾಡುವ, ತಿರುಪಿನ ಸುತ್ತುಗಳಿರುವ ಸರಳು, ಅದರ ಮೇಲೆ ಎರಡು ನಟ್‌ಗಳು. ಇದರಲ್ಲಿಯೇ ಇಂದು ಎರಡು ದಾರಿಗಳಿವೆ. ಅಮೆರಿಕದ ಲೈ ನೀಲ್ಸನ್ ದಪ್ಪ ಅಲಗನ್ನು ಕೊಡುತ್ತದೆ. ಅದು ಬಾಗುವುದಿಲ್ಲ, ಅದುರುವುದಿಲ್ಲ, ಚೆನ್ನಾಗಿ ಸಾಣೆ ಹಿಡಿದರೆ ಕೊಕ್ಕೆಯಿಲ್ಲದೆಯೂ ಗಟ್ಟಿಮರವನ್ನು ಹೆರೆಯುತ್ತದೆ. ಕೆನಡಾದ ವೆರಿಟಾಸ್ ತೆಳು ಅಲಗನ್ನು ಕೊಟ್ಟು, 80ರಲ್ಲಿರುವಂತೆ ಅದನ್ನು ಬಾಗಿಸಲು ಒಂದು ತಿರುಪನ್ನು ಇರಿಸಿದೆ.

ಇವೆರಡರ ನಡುವಿನ ವ್ಯತ್ಯಾಸ ಹಲಸಿನ ಮೇಜಿನ ಮೇಲೆ ಸ್ಪಷ್ಟವಾಗಿ ಕಾಣಿಸಿತು. ದಪ್ಪ ಅಲಗು ನೇರವಾಗಿಯೇ ಇರುವುದರಿಂದ ಅದರ ಎರಡು ಮೂಲೆಗಳು ಹಲಗೆಯ ಮೇಲೆ ಗೆರೆ ಎಳೆಯುತ್ತವೆ. ಅದನ್ನು ತಪ್ಪಿಸಲು ಸಾಣೆ ಹಿಡಿಯುವಾಗಲೇ ಮೂಲೆಗಳನ್ನು ನಸುವಾಗಿ ದುಂಡಾಗಿಸಬೇಕು. ದಪ್ಪ ಉಕ್ಕಿನಲ್ಲಿ ಸಮನಾದ ಕೊಕ್ಕೆ ಎಬ್ಬಿಸಲು ತೋಳಿನ ಬಲವೂ ಹೆಚ್ಚು ಬೇಕು. ತೆಳು ಅಲಗಾದರೆ ತಿರುಪಿನ ಕಾಲು ಸುತ್ತಿನಲ್ಲಿ ಮೂಲೆಗಳು ಮೇಲೇಳುತ್ತವೆ, ಗೆರೆ ಮಾಯವಾಗುತ್ತದೆ. ಆದರೆ ಮರದ ತೆಳು ಹಾಳೆಯಾದ ವಿನೀರ್ ಅಂಟಿಸಿದ ಹಲಗೆಯ ಮೇಲೆ, ಅಂದರೆ ಒಂದಿಷ್ಟು ಹೆಚ್ಚು ಹೆರೆದರೂ ಕೆಳಗಿನ ಮರ ಕಾಣುವ ಕಡೆ, ದಪ್ಪ ಅಲಗಿನ ಸ್ಥಿರತೆಗೆ ಸಾಟಿಯಿಲ್ಲ.

ಎರಡೂ ದಾರಿಗಳಿಗೆ ಸಮಾನವಾದ ಕಷ್ಟವೆಂದರೆ ವಾಲನ್ನು ಹೊಂದಿಸುವುದು. ವಾಲು ಬದಲಾದರೆ ಅಲಗು ಕೆಳಗೆ ಚಾಚುವ ಪ್ರಮಾಣವೂ ಬದಲಾಗುತ್ತದೆ. ಒಂದನ್ನು ಮುಟ್ಟಿದರೆ ಇನ್ನೊಂದು ಕದಲುತ್ತದೆ. ಅಲಗನ್ನು ಬಹುಪಾಲು ನೆಟ್ಟಗೆ ನಿಲ್ಲಿಸಿ ಆರಂಭಿಸಿ, ಸುರುಳಿ ಬರುವ ತನಕ ಅಷ್ಟಷ್ಟೇ ಮುಂದಕ್ಕೆ ವಾಲಿಸುತ್ತ ಹೋಗುವುದು ನನಗೆ ಒಗ್ಗಿದ ಕ್ರಮ. ಹುಡಿ ಮಾತ್ರ ಬಂದರೆ ವಾಲು ಸಾಲದು ಅಥವಾ ಕೊಕ್ಕೆ ಮೊಂಡಾಗಿದೆ. ಹಲಗೆಯ ಮೇಲೆ ಅಲೆಯಲೆಯಾಗಿ ಅಡ್ಡ ಗೆರೆ ಮೂಡಿದರೆ ವಾಲು ಹೆಚ್ಚಾಗಿದೆ. ಅಂಥ ಗೆರೆ ಬಿದ್ದಲ್ಲಿ ಸಾಧನವನ್ನು ಓರೆಯಾಗಿ ಹಿಡಿದು ತಳ್ಳಿದರೆ ಅದು ಅಳಿಯುತ್ತದೆ. ಇಷ್ಟು ಹೊಂದಿಸಿಕೊಂಡ ಮೇಲೆ ಉದ್ದ ತಳದ ಫಲ ದೊರೆಯುತ್ತದೆ: ಮೇಜಿನ ಮೇಲ್ಮೈ ನಯವಾಗುವುದರ ಜೊತೆಗೆ ಸಮತಟ್ಟಾಗಿಯೂ ಉಳಿಯುತ್ತದೆ, ಕಿಟಕಿಯ ಬೆಳಕಿನಲ್ಲೂ ತಗ್ಗು ಕಾಣುವುದಿಲ್ಲ.

ಮರದ ಆಯ್ಕೆಯೂ ತೀರ್ಮಾನವನ್ನು ಬದಲಿಸುತ್ತದೆ. ಹೊನ್ನೆ, ಬೀಟೆಗಳಿಗೆ ನಾಲ್ಕೂ ಸಾಧನಗಳು ಒಗ್ಗುತ್ತವೆ. ತೇಗದಲ್ಲಿ ಮರಳಿನಲ್ಲಿರುವಂಥ ಸಿಲಿಕಾ ಇರುವುದರಿಂದ ಕೊಕ್ಕೆ ಬೇಗ ಸವೆಯುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್‌ನಂಥ ಮೆದುಮರಕ್ಕೆ ಇವುಗಳಲ್ಲಿ ಯಾವುದೂ ಬೇಡ, ನಾರು ಕತ್ತರಿಸುವ ಬದಲು ಮಲಗಿ ಮತ್ತೆ ಏಳುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕದ ನಮ್ಮ ಮಳೆಗಾಲವನ್ನು ಹೊರದೇಶದ ಯಾವ ತಯಾರಕರೂ ಗಮನದಲ್ಲಿಟ್ಟಿರಲಾರರು. ಎರಕದ ಕಬ್ಬಿಣದ ತಳಕ್ಕೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯಬಹುದು, ಮತ್ತು ಟ್ಯಾನಿನ್ ಎಂಬ ಒಗರಿನ ಅಂಶ ಇರುವ ಮರಕ್ಕೆ ಆ ತುಕ್ಕು ತೇವದೊಡನೆ ತಾಗಿದರೆ ಕಪ್ಪು ಕಲೆ ಉಳಿಯುತ್ತದೆ. ಕೆಲಸ ಮುಗಿದೊಡನೆ ಎಣ್ಣೆಬಟ್ಟೆಯಿಂದ ತಳವನ್ನೂ ಅಲಗನ್ನೂ ಒರೆಸಿಡುವುದು, ಮತ್ತೆ ಮರಕ್ಕೆ ಮುಟ್ಟಿಸುವ ಮೊದಲು ಒಣಬಟ್ಟೆಯಿಂದ ಆ ಎಣ್ಣೆಯನ್ನು ತೆಗೆಯುವುದು ಇಲ್ಲಿ ಅನಿವಾರ್ಯ. ಈ ವಿಷಯದಲ್ಲಿ ಕಾರ್ಡ್ ಸ್ಕ್ರೇಪರಿನಷ್ಟು ಸುಲಭವಾದದ್ದು ಬೇರೆಯಿಲ್ಲ, 112ರಷ್ಟು ಆರೈಕೆ ಬೇಡುವುದೂ ಇಲ್ಲ.

ಕೊಳ್ಳುವ ಕ್ರಮವನ್ನು ಕೇಳಿದರೆ, ಕೊಕ್ಕೆ ಎಬ್ಬಿಸುವುದನ್ನು ಕಾರ್ಡ್ ಸ್ಕ್ರೇಪರಿನಲ್ಲೇ ಕಲಿಯಬೇಕು. ಅದು ಕೈಗೆ ಹತ್ತಿದ ಬಳಿಕ 80ರ ಮಾದರಿಯನ್ನು ಕೊಳ್ಳಬೇಕು. ಬಾಗಿಲು, ಪೆಟ್ಟಿಗೆ, ಸಣ್ಣ ಕಪಾಟುಗಳನ್ನು ಮಾಡುವವರಿಗೆ ಈ ಎರಡು ಸಾಕು. ಆಮದು ಮಾಡಿಕೊಳ್ಳುವ 112ರ ಮಾದರಿಗೆ ತಗಲುವ ವೆಚ್ಚ ಅಗಲವಾದ ಮೇಜುಗಳನ್ನು ಮತ್ತೆ ಮತ್ತೆ ಮಾಡುವವರಿಗೆ ಮಾತ್ರ ಸಾರ್ಥಕ, ಮತ್ತು ನಮ್ಮ ಹಲಸಿಗೆ ನಾನು ಆರಿಸುವುದು ಬಾಗುವ ತೆಳು ಅಲಗಿನದನ್ನು. ಅದನ್ನು ತರಿಸುವವರು ಇನ್ನೊಂದು ಅಲಗನ್ನೂ ಜೊತೆಗೇ ತರಿಸಿಕೊಳ್ಳುವುದು ಒಳ್ಳೆಯದು; ತೇಗದ ಹಲಗೆಯ ನಡುವೆ ಕೊಕ್ಕೆ ಮೊಂಡಾದಾಗ, ಹೊಂದಿಸಿದ ವಾಲನ್ನು ಕದಲಿಸದೆ ಸಿದ್ಧವಾಗಿಟ್ಟ ಅಲಗನ್ನು ಕೂಡಿಸಿ ಕೆಲಸ ಮುಂದುವರಿಸಬಹುದು.