ಪಿಯುಸಿ ಪ್ರಾಜೆಕ್ಟ್‌ಗೆ ಇಂಟರ್ನೆಟ್ ಆರ್ಕೈವ್: ಐದಕ್ಕೆ ನಾಲ್ಕು ಕೊಡ್ತೀನಿ

ಮೊದಲೇ ಹೇಳಿಬಿಡುತ್ತೇನೆ, ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಓದಲು ಇಟ್ಟಿರುವ ಈ ಸೈಟ್, ಆರ್ಕೈವ್ ಡಾಟ್ ಆರ್ಗ್, ನೋಡೋಕೆ ಚೆನ್ನಾಗಿಲ್ಲ. ಎಲ್ಲಿಂದ ಶುರು ಮಾಡಬೇಕು ಅಂತಾನೇ ಗೊತ್ತಾಗುವುದಿಲ್ಲ. ಮೊಬೈಲ್‌ನಲ್ಲಂತೂ ಕಿರಿಕಿರಿ. ಆದರೂ ಪಿಯುಸಿ ಓದುವ ಹುಡುಗ ಹುಡುಗಿಯರಿಗೆ ಸ್ವಂತವಾಗಿ ಹುಡುಕಿ ಬರೆಯುವ ಅಭ್ಯಾಸ ಆಗಬೇಕು ಅಂದರೆ, ದುಡ್ಡು ಕೊಡದೆ ಸಿಗುವುದರಲ್ಲಿ ಇದಕ್ಕಿಂತ ಒಳ್ಳೆಯದು ನನ್ನ ಕಣ್ಣಿಗೆ ಬಿದ್ದಿಲ್ಲ.

ಅಕ್ಕನ ಮಗಳು ಸೆಕೆಂಡ್ ಪಿಯುಸಿ. ಇತಿಹಾಸದ ಪ್ರಾಜೆಕ್ಟ್‌ಗೆ ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯನ್ನು ಆರಿಸಿಕೊಂಡಿದ್ದಳು. ಗೂಗಲ್ ಮಾಡಿದರೆ ಎಲ್ಲ ಕಡೆ ಅವೇ ನಾಲ್ಕು ಸಾಲು. ರಾಮಾನುಜಾಚಾರ್ಯರು ಕಟ್ಟಿಸಿದ್ದು, ಮೋತಿ ತಲಾಬ್ ಅಂತಲೂ ಕರೆಯುತ್ತಾರೆ, ನೀರು ತಿಳಿಯಾಗಿದೆ, ವೀಕೆಂಡ್‌ಗೆ ಒಳ್ಳೆಯ ಜಾಗ. ಯಾರನ್ನು ನೋಡಿ ಯಾರು ಬರೆದರೋ ದೇವರೇ ಬಲ್ಲ. ಚಾಟ್‌ಬಾಟ್ ಕೇಳಿದರೆ ಅದೇ ನಾಲ್ಕು ಸಾಲನ್ನು ಇನ್ನೂ ನೀಟಾಗಿ ಕೊಡುತ್ತದೆ, ಅಷ್ಟೇ. ಮೋತಿ ತಲಾಬ್ ಅಂತ ಹೆಸರಿಟ್ಟಿದ್ದು ಟಿಪ್ಪು ಅಂತ ಒಬ್ಬರು, ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ಅಂತ ಇನ್ನೊಬ್ಬರು. ಯಾವುದು ಸರಿ? ಪ್ರಾಜೆಕ್ಟ್ ನಿಜವಾಗಿ ಶುರುವಾಗಬೇಕಾದ್ದೇ ಇಲ್ಲಿಂದ ಅಲ್ವಾ?

ಆರ್ಕೈವ್‌ನಲ್ಲಿ ಸಿಗುವುದು ಉತ್ತರ ಅಲ್ಲ, ಹಳೆಯ ಪುಸ್ತಕದ ಪುಟ. ಬ್ರಿಟಿಷ್ ಕಾಲದ ಶಾಸನತಜ್ಞ ಬಿ. ಎಲ್. ರೈಸ್ ಅವರ 1897ರ ಮೈಸೂರು ಗೆಜೆಟಿಯರ್, ಅಂದರೆ ಊರು ಕೇರಿಗಳ ಮಾಹಿತಿ ಇರುವ ಸರ್ಕಾರಿ ಪುಸ್ತಕ, ಇದೆ. 1800ರಲ್ಲಿ, ಅಂದರೆ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ, ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚು ಹಾಕಿಸಿದ ಪ್ರವಾಸದ ಮೂರು ಸಂಪುಟಗಳಿವೆ. ಯಾವ ಊರಲ್ಲಿ ಏನು ಬೆಳೆಯುತ್ತಾರೆ, ಕೆರೆ ನೀರು ಎಷ್ಟು ಗದ್ದೆಗೆ ಹೋಗುತ್ತದೆ, ಇಂಥದ್ದೇ ಅವನಿಗೆ ಬೇಕಾಗಿದ್ದದ್ದು. ಈ ನಾಡಿನ ಶಾಸನಗಳನ್ನು ಒಟ್ಟು ಮಾಡಿ ರೈಸ್ ತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳೂ ಇವೆ, ಶಾಸನದ ಪಾಠ ಒಂದು ಕಡೆ, ಇಂಗ್ಲಿಷ್ ಅನುವಾದ ಇನ್ನೊಂದು ಕಡೆ. ಇವನ್ನೆಲ್ಲ ನೋಡಬೇಕಾದರೆ ಹಿಂದೆ ಮೈಸೂರಿಗೋ ಬೆಂಗಳೂರಿಗೋ ಹೋಗಿ, ಲೈಬ್ರರಿಯಲ್ಲಿ ಪತ್ರ ತೋರಿಸಿ ಕಾಯಬೇಕಿತ್ತು.

ಈಗ ತಲೆನೋವಿನ ವಿಷಯ. ಸರ್ಚ್‌ನಲ್ಲಿ ಪಾಂಡವಪುರ ಅಂತ ಹಾಕಿದರೆ ಹಳೆಯ ಪುಸ್ತಕಗಳಲ್ಲಿ ಸಿಗುವುದು ಅಷ್ಟಕ್ಕಷ್ಟೇ. ಯಾಕಂದರೆ ಆಗ ಅದಕ್ಕೆ ಫ್ರೆಂಚ್ ರಾಕ್ಸ್ ಅಂತಿದ್ದರು. ರಾಮನಗರ ಬೇಕಾದರೆ ಕ್ಲೋಸ್‌ಪೇಟ್, ಚಿತ್ರದುರ್ಗಕ್ಕೆ ಚಿತಲ್‌ಡ್ರೂಗ್. ಬುಕಾನನ್ ಅಂತೂ ಊರಿನ ಹೆಸರನ್ನು ಕಿವಿಗೆ ಬಿದ್ದ ಹಾಗೆ ಬರೆದುಕೊಂಡು ಹೋಗಿದ್ದಾನೆ. ಶಾಸನದ ಸಂಪುಟದಲ್ಲಿ ಇನ್ನೊಂದು ಗೊಂದಲ: ತೊಣ್ಣೂರು, ಮೇಲುಕೋಟೆ ಎರಡೂ ಈಗ ಪಾಂಡವಪುರ ತಾಲ್ಲೂಕು, ರೈಸ್ ಕಾಲದ ಮೂರನೇ ಸಂಪುಟದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಕೆಳಗೆ ಹುಡುಕಬೇಕು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದವರು ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಹಂಚಿಕೆ, ನಂಬರ್ ಎಲ್ಲ ಬೇರೆ. ಯಾವ ಆವೃತ್ತಿ ಅಂತ ಬರೆದುಕೊಳ್ಳದೆ ಸುಮ್ನೆ ಶಾಸನದ ನಂಬರ್ ಮಾತ್ರ ಹಾಕಿದರೆ ಓದುವವರಿಗೆ ಅದರಿಂದ ಏನೂ ಉಪಯೋಗವಿಲ್ಲ. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಗ್ರಂಥಋಣ ಅಂತ ಕೊನೆ ಪುಟದಲ್ಲಿ ಮೂರು ವೆಬ್‌ಸೈಟ್ ಹೆಸರು ಬರೆದರೆ ಮುಗೀತು.

ನಮ್ಮ ಹುಡುಗಿ ಒಂದು ಒಳ್ಳೆಯ ಕೆಲಸ ಮಾಡಿದಳು. ನೋಟ್‌ಬುಕ್ಕಿನ ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಗಡೆ ಪುಸ್ತಕದಲ್ಲಿ ಇರುವುದು, ಪುಟದ ನಂಬರ್ ಸಮೇತ. ಬಲಗಡೆ ಅವಳ ಅನುಮಾನ. ನಾಸಿರ್ ಜಂಗ್ ಹೆಸರು ಗೆಜೆಟಿಯರ್‌ನಲ್ಲೇ ಸಿಕ್ಕಿತು. ಅದರ ಎದುರಿಗೆ ಅವಳು ಬರೆದಿದ್ದು, ‘ರೈಸ್‌ಗೆ ಇದನ್ನು ಹೇಳಿದವರು ಯಾರು?’ ಇಪ್ಪತ್ತು ಅಂಕದ ಇಂಟರ್ನಲ್ಸ್‌ಗೆ ಇಷ್ಟೆಲ್ಲ ಯಾಕೆ ಅಂತ ಅಕ್ಕ ಗೊಣಗಿದಳು ಅನ್ನಿ. ನನಗಂತೂ ಇಡೀ ಪ್ರಾಜೆಕ್ಟ್‌ನಲ್ಲಿ ತುಂಬಾ ಇಷ್ಟವಾಗಿದ್ದು ಆ ಒಂದು ಸಾಲು.

ಕನ್ನಡ ಪುಸ್ತಕಗಳ ವಿಷಯದಲ್ಲಿ ಒಂದು ಅಂಕ ಕಡಿಮೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ಇಲ್ಲಿ ರಾಶಿ ರಾಶಿ ಇವೆ, ಆದರೆ ಎಷ್ಟೋ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬಾಯಿಗೆ ಬಂದ ಹಾಗೆ ಟೈಪ್ ಮಾಡಿದ್ದಾರೆ, ದೀರ್ಘ ಇಲ್ಲ, ಒತ್ತಕ್ಷರ ಇಲ್ಲ. ಲೇಖಕರ ಹೆಸರನ್ನು ನಾಲ್ಕು ಥರ ಬರೆದು ಹುಡುಕಿ. ಹಳೆಯ ಅಚ್ಚಿನ ಕನ್ನಡದಲ್ಲಿ ಪದ ಹಾಕಿ ಒಳಗೆ ಹುಡುಕುವುದನ್ನು ನಂಬಬೇಡಿ, ಪರಿವಿಡಿ ತೆಗೆದು ಕೈಯಾರೆ ಪುಟ ತಿರುವುವುದೇ ವಾಸಿ. ಪಿಡಿಎಫ್‌ಗಳು ಭಾರ ಜಾಸ್ತಿ, ಇಡೀ ಪುಸ್ತಕ ಇಳಿಸುವ ಬದಲು ಅಲ್ಲೇ ತೆರೆದು ಓದಿ.

ಹೊಸ ಪುಸ್ತಕ ಸಿಗುತ್ತದೆ ಅಂತ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಖಾತೆ ತೆರೆದರೆ ಕೆಲವನ್ನು ಎರವಲು ಪಡೆದು ಓದಬಹುದು. ಆದರೆ ಹೀಗೆ ಎರವಲು ಕೊಡುವುದರ ವಿರುದ್ಧ ಅಮೆರಿಕದಲ್ಲಿ ಪ್ರಕಾಶಕರು ಹಾಕಿದ ಕೇಸಿನಲ್ಲಿ ಆರ್ಕೈವ್ 2023ರಲ್ಲಿ ಸೋತಿತು, 2024ರಲ್ಲಿ ಮೇಲ್ಮನವಿಯಲ್ಲೂ ಸೋತಿತು. 5 ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ಎರವಲಿನಿಂದ ತೆಗೆಯಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಾಗಿ ಸೈಟೇ ಕೆಲವು ದಿನ ಬಂದ್ ಆಗಿತ್ತು, 3 ಕೋಟಿಗೂ ಹೆಚ್ಚು ಖಾತೆಗಳ ಮಾಹಿತಿ ಸೋರಿತ್ತು. ಹಾಗಾಗಿ ಖಾತೆ ತೆರೆಯುವುದಾದರೆ ಬೇರೆ ಎಲ್ಲೂ ಬಳಸದ ಪಾಸ್‌ವರ್ಡ್ ಹಾಕಿ. ಬೇಕಾದ ಪುಟದ ಸ್ಕ್ರೀನ್‌ಶಾಟ್ ಅವತ್ತೇ ತೆಗೆದಿಟ್ಟುಕೊಳ್ಳಿ, ಸಬ್ಮಿಶನ್ ಹಿಂದಿನ ರಾತ್ರಿಗೆ ಇಡಬೇಡಿ.

ವೆಬ್ ಪುಟಗಳ ಹಳೆಯ ಪ್ರತಿ ಉಳಿಸಿಡುವ ವೇಬ್ಯಾಕ್ ಮಷೀನ್ ಇದೇ ಸೈಟಿನದ್ದು. ಪತ್ರಿಕೆಯ ಹಳೆಯ ಲಿಂಕ್ ಒತ್ತಿದಾಗ ಪುಟ ಇಲ್ಲ ಅಂತ ಬಂದರೆ ಆ ವಿಳಾಸವನ್ನು ಅಲ್ಲಿ ಹಾಕಿ ನೋಡಿ, ಅದೃಷ್ಟ ಇದ್ದರೆ ಸಿಗುತ್ತದೆ. ನೀವು ಉಲ್ಲೇಖಿಸುವ ಪುಟವನ್ನು ನೀವೇ ಅಲ್ಲಿ ಉಳಿಸಲೂಬಹುದು, ಖರ್ಚಿಲ್ಲ.

ಯಾರಿಗೆ ಬೇಡ? ನಾಳೆ ಬೆಳಿಗ್ಗೆ ಪ್ರಾಜೆಕ್ಟ್ ಕೊಡಬೇಕು ಅನ್ನುವವರಿಗೆ ಖಂಡಿತ ಬೇಡ. ಇಂಗ್ಲಿಷ್ ಓದಲು ಕಷ್ಟಪಡುವ ಮಕ್ಕಳು ಮನೆಯಲ್ಲೋ ಕಾಲೇಜಿನಲ್ಲೋ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು, ರೈಸ್ ಕಾಲದ ಇಂಗ್ಲಿಷ್ ನನಗೇ ಒಂದೆರಡು ಕಡೆ ಎರಡನೇ ಸಲ ಓದಿದ ಮೇಲೆ ಅರ್ಥವಾಯಿತು.