ಏಕಗವಾಕ್ಷಿ ಸೇವೆ: ಬೆಂಗಳೂರು ಬಿಟ್ಟು ಹೊರಟ ಗಾರ್ಮೆಂಟ್ಸ್ ಕಾರ್ಖಾನೆಗೆ ಎಷ್ಟು ಉಪಯೋಗ?

ಕಾರ್ಖಾನೆ ಹಾಕುವವರಿಗೆ ಬೇಕಾದ ಸರ್ಕಾರಿ ಅನುಮೋದನೆಗಳನ್ನು ಒಂದೇ ಕಡೆ ಕೊಡಿಸುವ, ರಾಜ್ಯ ಸರ್ಕಾರದ ಸಂಸ್ಥೆಯಾದ ಕರ್ನಾಟಕ ಉದ್ಯೋಗ ಮಿತ್ರದ ಏಕಗವಾಕ್ಷಿ ಸೇವೆಯನ್ನು ಇಲ್ಲಿ ಒಂದೇ ಬಗೆಯ ಗಿರಾಕಿಯ ಕಣ್ಣಿನಿಂದ ನೋಡಿದ್ದೇವೆ. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ 400 ಟೈಲರ್‌ಗಳನ್ನಿಟ್ಟುಕೊಂಡು ಶರ್ಟ್ ಹೊಲಿಸುವ, ಬಾಡಿಗೆ ಮತ್ತು ಕೂಲಿ ಎರಡೂ ಏರಿದ್ದರಿಂದ ಮದ್ದೂರು, ಕುಣಿಗಲ್, ಅರಸೀಕೆರೆ ಕಡೆ ಮುಖ ಮಾಡಿರುವ ಕಾರ್ಖಾನೆ ಅದು. ಸಾಫ್ಟ್‌ವೇರ್ ಕಂಪನಿಗೋ ವಿಮಾನದ ಬಿಡಿಭಾಗ ಮಾಡುವವರಿಗೋ ಈ ವಿಮರ್ಶೆ ಅಷ್ಟಾಗಿ ಒದಗದು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಅರ್ಜಿ, ಅನುಮೋದನೆ, ಕಾಗದಪತ್ರದ ಕೆಲಸಕ್ಕೆ 5ಕ್ಕೆ 4 ಅಂಕ. ಯಾವ ಊರಿಗೆ ಹೋಗಬೇಕು ಎಂಬ ತೀರ್ಮಾನಕ್ಕೆ 5ಕ್ಕೆ ಒಂದೂವರೆ. ಇದು ಸೇವೆಯ ತಪ್ಪು ಎನ್ನುವುದಕ್ಕಿಂತ, ಗಿರಾಕಿಗಳು ಅದರಿಂದ ಬಯಸುವುದೇ ತಪ್ಪು ಎನ್ನಬಹುದು.

ಚೆನ್ನಾಗಿರುವುದನ್ನು ಮೊದಲು ನೋಡೋಣ. 2002ರ ಕೈಗಾರಿಕೆಗಳ ಸೌಲಭ್ಯ ಕಾಯ್ದೆಯ ಕೆಳಗೆ ಯಾರ ಅರ್ಜಿ ಎಲ್ಲಿಗೆ ಹೋಗಬೇಕು ಎನ್ನುವುದು ಸ್ಪಷ್ಟವಾಗಿದೆ. 15 ಕೋಟಿ ರೂಪಾಯಿವರೆಗಿನ ಹೂಡಿಕೆಯನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ ನೋಡುತ್ತದೆ, 15ರಿಂದ 500 ಕೋಟಿಯವರೆಗಿನದ್ದನ್ನು ಕೈಗಾರಿಕಾ ಸಚಿವರ ಸಮಿತಿ, ಅದಕ್ಕೂ ಮೇಲಿನದ್ದನ್ನು ಮುಖ್ಯಮಂತ್ರಿಗಳ ಉನ್ನತ ಸಮಿತಿ. ನಾವು ಮಾತಾಡುತ್ತಿರುವ ಗಾತ್ರದ ಕಾರ್ಖಾನೆ ಕಟ್ಟಡ, ಯಂತ್ರ ಎಲ್ಲ ಸೇರಿ ಹೆಚ್ಚಿನಂಶ ಜಿಲ್ಲಾ ಸಮಿತಿಯಲ್ಲೇ ಮುಗಿಯುತ್ತದೆ. ಹಾಗಾಗಿ ಯೋಜನಾ ವರದಿಯಲ್ಲಿ ಹೂಡಿಕೆಯ ಮೊತ್ತವನ್ನು ಸುಮ್ಮನೆ ಉಬ್ಬಿಸಿ 15 ಕೋಟಿ ದಾಟಿಸಬೇಡಿ. ಕಡತ ಬೆಂಗಳೂರಿಗೆ ಬಂದು ಕೂರುತ್ತದೆ, ಅಷ್ಟೇ ಲಾಭ.

2020ರ ತಿದ್ದುಪಡಿಯಿಂದ ಬಂದ ಪ್ರಮಾಣಪತ್ರ ಆಧಾರಿತ ಅನುಮತಿ ನಿಜಕ್ಕೂ ಕೆಲಸಕ್ಕೆ ಬರುವ ಸೌಲಭ್ಯ. ಸಮಿತಿ ಒಪ್ಪಿದ ಮೇಲೆ ಅಫಿಡವಿಟ್ ಕೊಟ್ಟು ಕಟ್ಟಡ ಶುರುಮಾಡಬಹುದು. ಬಿಡಿ ಬಿಡಿ ಅನುಮತಿಗಳನ್ನು ಮೂರು ವರ್ಷದೊಳಗೆ ಅಥವಾ ಉತ್ಪಾದನೆ ಆರಂಭಿಸುವ ಮೊದಲು, ಯಾವುದು ಮುಂಚೆಯೋ ಆಗ ಪಡೆದರೆ ಸಾಕು. ಎಡವುವುದೂ ಇಲ್ಲಿಯೇ. ಸಮಿತಿಯ ಒಪ್ಪಿಗೆ ಪತ್ರವನ್ನೇ ಪರವಾನಗಿ ಎಂದು ತಿಳಿದು ಯಂತ್ರ ಓಡಿಸಲು ಹೊರಡುತ್ತಾರೆ. ಕಾರ್ಖಾನೆ ಪರವಾನಗಿ, ಇಸ್ತ್ರಿ ವಿಭಾಗದ ಬಾಯ್ಲರ್ ನೋಂದಣಿ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಇವೆಲ್ಲ ಬೇರೆಯೇ. ಬರೀ ಹೊಲಿಗೆಗೆ ಮಾಲಿನ್ಯ ಮಂಡಳಿಯ ಕಾಟ ಕಡಿಮೆ. ಆದರೆ ಯೋಜನಾ ವರದಿಯಲ್ಲಿ 'ಮುಂದೆ ವಾಷಿಂಗ್ ಕೂಡ ಮಾಡುವ ಉದ್ದೇಶ' ಎಂದು ಒಂದು ಸಾಲು ಸೇರಿಸಿದರೆ ಕಡತದ ವರ್ಗವೇ ಬದಲಾಗಿ, ತ್ಯಾಜ್ಯನೀರು ಶುದ್ಧೀಕರಣ ಘಟಕದ ನಕ್ಷೆ ಕೇಳುತ್ತಾರೆ.

ಇನ್ನು ವಲಯದ ವಿಷಯ. ಹೆಚ್ಚು ಜನ ದಾರಿ ತಪ್ಪುವುದು ಇಲ್ಲಿ, ಯಾಕೆಂದರೆ 'ವಲಯ' ಎಂಬ ಒಂದೇ ಮಾತು ಎರಡು ಬೇರೆ ನಕ್ಷೆಗಳಿಗಿದೆ. ಕನಿಷ್ಠ ವೇತನದ ಅಧಿಸೂಚನೆಯಲ್ಲಿ ಬೆಂಗಳೂರು ಒಂದನೇ ವಲಯ, ಕೂಲಿ ಅಲ್ಲಿ ಅತಿ ಹೆಚ್ಚು. ಕೈಗಾರಿಕಾ ನೀತಿಯಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಮೂರನೇ ವಲಯ, ಪ್ರೋತ್ಸಾಹಧನ ಅಲ್ಲಿ ಅತಿ ಕಡಿಮೆ. ಅಂಕಿ ತಿರುಗುಮುರುಗು. ಒಂದು ತಾಲ್ಲೂಕು ಸಹಾಯಧನದ ನಕ್ಷೆಯಲ್ಲಿ ಹಿಂದುಳಿದದ್ದು ಎಂದ ಮಾತ್ರಕ್ಕೆ ಕೂಲಿಯ ನಕ್ಷೆಯಲ್ಲೂ ಕೊನೆಯ ವಲಯದಲ್ಲಿರಬೇಕೆಂದಿಲ್ಲ. ಊರಿನ ದರ್ಜೆ ಏರಿದರೆ, ಪುರಸಭೆ ಹೋಗಿ ನಗರಸಭೆ ಬಂದರೆ, ಕೂಲಿಯ ವಲಯವೂ ಮೇಲೇರಬಹುದು. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡದೆ ಪ್ಲಾಟಿಗೆ ಮುಂಗಡ ಕಟ್ಟಬೇಡಿ.

ಕೂಲಿಯ ಅಂತರಕ್ಕೆ ಇನ್ನೊಂದು ಗುಣವಿದೆ. ಮೂಲ ವೇತನ ವಲಯದಿಂದ ವಲಯಕ್ಕೆ ಬೇರೆ. ಬೆಲೆ ಸೂಚ್ಯಂಕ ನೋಡಿ ಪ್ರತಿ ಏಪ್ರಿಲ್ 1ಕ್ಕೆ ಏರುವ ತುಟ್ಟಿಭತ್ಯೆ ಮಾತ್ರ ಎಲ್ಲ ವಲಯಕ್ಕೂ ಒಂದೇ ಮೊತ್ತ. ಅಂದರೆ ರೂಪಾಯಿ ಲೆಕ್ಕದ ಅಂತರ ಇದ್ದಲ್ಲೇ ಇರುತ್ತದೆ, ಒಟ್ಟು ಕೂಲಿಯಲ್ಲಿ ಅದರ ಪಾಲು ವರ್ಷದಿಂದ ವರ್ಷಕ್ಕೆ ಕರಗುತ್ತದೆ. ಹತ್ತು ವರ್ಷದ ಲಾಭದ ಲೆಕ್ಕವನ್ನು ಇಂದಿನ ಅಂತರದ ಮೇಲೆ ಕಟ್ಟಿದವರು ಇದನ್ನು ಮರೆತಿರುತ್ತಾರೆ. ತುಟ್ಟಿಭತ್ಯೆಯನ್ನು ಮುಂದೂಡಬಹುದು ಎಂಬ ಆಸೆಯೂ ಬೇಡ. 2020ರಲ್ಲಿ ಸರ್ಕಾರ ತಿಂಗಳಿಗೆ 417 ರೂಪಾಯಿ 60 ಪೈಸೆಯ ಏರಿಕೆಯನ್ನು ಮುಂದಕ್ಕೆ ಹಾಕಿತು, ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆ ಬಾಕಿಯ ಜಗಳ ಕೊನೆಗೆ ವಿದೇಶಿ ಬ್ರ್ಯಾಂಡ್‌ಗಳ ಬಾಗಿಲಿಗೂ ಹೋಯಿತು.

ಲೆಕ್ಕ ಹೀಗೆ ಮಾಡಿ. ಕೆಳಗಿನ ಅಂಕಿಗಳು ವಿಧಾನ ತೋರಿಸಲು ಬರೆದವು, ಆ ತಿಂಗಳ ಅಧಿಸೂಚನೆ ನೋಡಿ ನಿಮ್ಮವನ್ನು ತುಂಬಿಕೊಳ್ಳಿ. ಬೆಂಗಳೂರಲ್ಲಿ ಟೈಲರ್ ಕೂಲಿ 13,000, ಹೊರ ಊರಲ್ಲಿ 12,000 ಎನ್ನಿ. ಅದರ ಮೇಲೆ ಮಾಲೀಕರ ಪಾಲಿನ ಪಿಎಫ್ ಆಡಳಿತ ಶುಲ್ಕ, ವಿಮೆ ಸೇರಿ ಶೇ. 13, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ. 3.25, ಕನಿಷ್ಠ ಬೋನಸ್ ಶೇ. 8.33, ಗ್ರಾಚ್ಯುಟಿಗೆ ಶೇ. 4.81. ಒಟ್ಟು ಖರ್ಚು 16,821 ಮತ್ತು 15,527 ಆಗುತ್ತದೆ. ತಲೆಗೆ 1,294 ರೂಪಾಯಿ ಉಳಿತಾಯ, 400 ಜನಕ್ಕೆ ತಿಂಗಳಿಗೆ 5.18 ಲಕ್ಷ. ಇಷ್ಟರವರೆಗೆ ಎಲ್ಲರೂ ಮಾಡುತ್ತಾರೆ.

ಆದರೆ ಗಾರ್ಮೆಂಟ್ಸ್‌ನಲ್ಲಿ ಕೊಳ್ಳುವುದು ತಿಂಗಳನ್ನಲ್ಲ, ನಿಮಿಷವನ್ನು. ತಿಂಗಳಿಗೆ 26 ದಿನ, ದಿನಕ್ಕೆ 480 ನಿಮಿಷ, ಒಟ್ಟು 12,480. ಪಳಗಿದ ಲೈನ್ (ಒಂದು ಉಡುಪನ್ನು ಹಂತಹಂತವಾಗಿ ಹೊಲಿದು ಮುಗಿಸುವ ಯಂತ್ರಗಳ ಸಾಲು) ಶೇ. 55 ದಕ್ಷತೆಯಲ್ಲಿ ಓಡಿದರೆ, ಅಂದರೆ ಕೂಲಿ ಕೊಟ್ಟ ನಿಮಿಷಗಳಲ್ಲಿ ಅಷ್ಟು ಪಾಲು ಮಾತ್ರ ಹೊಲಿಗೆಯಾಗಿ ಬಂದರೆ, ಕೈಗೆ ಸಿಗುವುದು 6,864 ನಿಮಿಷ, ಒಂದು ನಿಮಿಷಕ್ಕೆ 2.45 ರೂಪಾಯಿ. ಹೊಸ ಊರಿನ ಲೈನ್ ಶೇ. 40ರಲ್ಲಿ ನಿಂತರೆ 4,992 ನಿಮಿಷ, ನಿಮಿಷಕ್ಕೆ 3.11. ಇಪ್ಪತ್ತೆರಡು ನಿಮಿಷದ ಹೊಲಿಗೆ ಬೇಡುವ ಶರ್ಟಿಗೆ ಬೆಂಗಳೂರಲ್ಲಿ 54 ರೂಪಾಯಿ ಹೊಲಿಗೆ ಕೂಲಿ, ಅಲ್ಲಿ 68. ಕೂಲಿ ಕಡಿಮೆಯಿರುವ ಊರಲ್ಲಿ ಶರ್ಟು 14 ರೂಪಾಯಿ ದುಬಾರಿ! ಎರಡೂ ಸಮವಾಗುವುದು ಹೊಸ ಲೈನ್ ಶೇ. 51 ಮುಟ್ಟಿದಾಗ. ಸಾವಿರ ರೂಪಾಯಿಯ ಕೂಲಿ ಅಂತರವನ್ನು ನಾಲ್ಕೇ ಅಂಕದ ದಕ್ಷತೆ ತಿಂದುಹಾಕುತ್ತದೆ.

ದಕ್ಷತೆ ಇಳಿಯಲು ಕಾರಣ ಹೊಸಬರ ಕೈ ಮಾತ್ರವಲ್ಲ. ಕಾಲರ್, ಕಫ್ ಅಟ್ಯಾಚ್ ಮಾಡುವ ಪಳಗಿದ ಟೈಲರ್‌ಗಳು ಲೈನಿಗೆ ನಾಲ್ಕೈದು ಜನವಾದರೂ ಬೇಕು. ಅವರು ಬೆಂಗಳೂರು ಬಿಟ್ಟು ಬರುವುದಿಲ್ಲ, ಮಕ್ಕಳ ಶಾಲೆ, ಮನೆ ಎಲ್ಲ ಅಲ್ಲೇ. ಆ ಒಂದೆರಡು ಆಪರೇಷನ್‌ನಲ್ಲಿ (ಹೊಲಿಗೆಯ ಹಂತದಲ್ಲಿ) ಬಟ್ಟೆಯ ಬಂಡಲ್ ಗುಡ್ಡೆ ಬಿದ್ದರೆ ಮುಂದಿನ ಮೂವತ್ತು ಯಂತ್ರ ಕೈಕಟ್ಟಿ ಕೂರುತ್ತವೆ. ಮೊದಲ ಆರು ತಿಂಗಳು ಕಷ್ಟದ ಶರ್ಟ್ ಕೊಡದೆ, ಆಪರೇಷನ್ ಕಡಿಮೆಯಿರುವ ಪೈಜಾಮ, ಟೀ ಶರ್ಟ್ ಆರ್ಡರನ್ನೇ ಹೊಸ ಘಟಕಕ್ಕೆ ಕಳಿಸುವುದು ಬುದ್ಧಿವಂತಿಕೆ. ವಿದೇಶಿ ಖರೀದಿದಾರರಿದ್ದರೆ ಹೊಸ ಕಟ್ಟಡಕ್ಕೆ ಅವರ ಆಡಿಟ್ (ಕಾರ್ಖಾನೆಯ ತಪಾಸಣೆ) ಮತ್ತೆ ಮೊದಲಿಂದ ಆಗಬೇಕು, ಅದು ಮುಗಿಯುವ ತನಕ ಅವರ ಲೇಬಲ್ ಅಲ್ಲಿ ಹೊಲಿಯುವಂತಿಲ್ಲ.

ಏಕಗವಾಕ್ಷಿ ಒಳಗೆ ಬರುವ ಬಾಗಿಲು. ಹಳೆಯ ಊರಿಂದ ಹೊರಡುವ ಬಾಗಿಲು ಬೇರೆ, ಅದರ ಖರ್ಚು ಈ ಸೇವೆಯ ಯಾವ ನಮೂನೆಯಲ್ಲೂ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಾಗುವ ಮಿತಿ 100ರಿಂದ 300 ಕಾರ್ಮಿಕರಿಗೆ ಏರಿದೆ. ನಮ್ಮ 400 ಜನರ ಕಾರ್ಖಾನೆ ಆಗಲೂ ಸಿಕ್ಕಿಬೀಳುತ್ತಿತ್ತು, ಈಗಲೂ ಸಿಕ್ಕಿಬೀಳುತ್ತದೆ. ಮುಚ್ಚುವ ದಿನಕ್ಕೆ 90 ದಿನ ಮೊದಲು ಅರ್ಜಿ ಹಾಕಬೇಕು. 60 ದಿನದಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆ. ಪರಿಹಾರ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ. ಸರಾಸರಿ ಆರು ವರ್ಷ ಸೇವೆಯಾಗಿದ್ದರೆ 13,000 ಸಂಬಳದವರಿಗೆ ತಲಾ ಸುಮಾರು 39,000, 400 ಜನಕ್ಕೆ 1.56 ಕೋಟಿ. ಗ್ರಾಚ್ಯುಟಿ ಹೇಗೂ ಕೊಡಬೇಕಾದದ್ದು, ಅದನ್ನು ಸೇರಿಸಿಲ್ಲ. ಮೇಲಿನ ಉಳಿತಾಯ ವರ್ಷಕ್ಕೆ 62 ಲಕ್ಷ. ದಕ್ಷತೆ ಒಂದು ಅಂಕವೂ ಬೀಳದಿದ್ದರೂ ಪರಿಹಾರವೊಂದೇ ಎರಡೂವರೆ ವರ್ಷದ ಉಳಿತಾಯವನ್ನು ನುಂಗುತ್ತದೆ. ಹಳೆಯ ಘಟಕವನ್ನು ಮುಚ್ಚದೆ, ಬಿಟ್ಟುಹೋದವರ ಜಾಗ ತುಂಬದೆ ಕುಗ್ಗಿಸುತ್ತಾ, ಹೊಸದನ್ನು ಬೆಳೆಸುವುದು ಲೆಕ್ಕಕ್ಕೆ ಕೂರುತ್ತದೆ.

ಮಿತಿಗಳನ್ನು ತಪ್ಪಿಸಲು ಒಂದು ಕಾರ್ಖಾನೆಯನ್ನು ಎರಡು ಹೆಸರಿನಲ್ಲಿ ಒಡೆಯುವವರೂ ಇದ್ದಾರೆ. ಅದೇ ದಿನ ಜಾರಿಗೆ ಬಂದ ಇನ್ನೊಂದು ಸಂಹಿತೆ, ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ, 100 ಜನಕ್ಕೆ ಕ್ಯಾಂಟೀನ್, 250ಕ್ಕೆ ಕಲ್ಯಾಣ ಅಧಿಕಾರಿ, 50 ದಾಟಿದರೆ ಶಿಶುಪಾಲನಾ ಕೊಠಡಿ. ಒಂದೇ ಗೇಟು, ಒಂದೇ ಜನರೇಟರ್, ಒಂದೇ ಕಟಿಂಗ್ ವಿಭಾಗವಿರುವ ಎರಡು 'ಕಾರ್ಖಾನೆ'ಗಳನ್ನು ಇನ್‌ಸ್ಪೆಕ್ಟರ್ ಗುರುತಿಸದಿದ್ದರೂ ಬ್ರ್ಯಾಂಡಿನ ಆಡಿಟರ್ ಗುರುತಿಸುತ್ತಾನೆ. ಶಿಶುಪಾಲನಾ ಕೊಠಡಿಯ ಖರ್ಚು ಉಳಿಸಿ ಆರ್ಡರ್ ಕಳೆದುಕೊಳ್ಳುವುದು ಜಾಣತನವಲ್ಲ.

ಗಡಿ ದಾಟಿ ಹೊಸೂರಿಗೋ ಹಿಂದೂಪುರಕ್ಕೋ ಹೋಗುವ ಮಾತು ಬಂದೇ ಬರುತ್ತದೆ. ಅಲ್ಲಿ ಕೂಲಿ ಪಟ್ಟಿ, ರಜೆ ಕಾಯ್ದೆ, ಸಹಾಯಧನ ಎಲ್ಲವೂ ಬೇರೆ. ಆದರೆ ಸುದ್ದಿಯಲ್ಲಿ ಗದ್ದಲ ಎಬ್ಬಿಸುವ ನಿಯಮಗಳಿಗೆ ಜಾಗದ ತೀರ್ಮಾನದಲ್ಲಿ ಅಷ್ಟು ತೂಕವಿಲ್ಲ. 2023ರ ಫೆಬ್ರವರಿಯಲ್ಲಿ ಕರ್ನಾಟಕ ವಾರಕ್ಕೆ 48 ತಾಸಿನ ಮಿತಿಯೊಳಗೆ ದಿನಕ್ಕೆ 12 ತಾಸಿನ ಕೆಲಸಕ್ಕೆ ಅವಕಾಶ ಕೊಟ್ಟಿತು. ತಮಿಳುನಾಡು ಅಂಥದ್ದೇ ಮಸೂದೆಯನ್ನು ಅದೇ ಏಪ್ರಿಲ್‌ನಲ್ಲಿ ತಂದು, ವಿರೋಧಕ್ಕೆ ಮಣಿದು ಹಿಂದಕ್ಕೆ ಪಡೆಯಿತು. ಅದರಿಂದ ಹೊಸೂರಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳೇನೂ ಮೈಸೂರು ರಸ್ತೆಗೆ ಬರಲಿಲ್ಲ. 2024ರ ಜುಲೈನಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಯಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿ ಎರಡೇ ದಿನದಲ್ಲಿ ತಡೆಹಿಡಿದಾಗ ಆಂಧ್ರದ ಸಚಿವರು ಕಂಪನಿಗಳನ್ನು ಕರೆದರು. ಗಾರ್ಮೆಂಟ್ಸ್‌ನವರಿಗೆ ಅದು ಹೊಸ ಮಾತೇ ಅಲ್ಲ. ಕೈಗಾರಿಕಾ ನೀತಿಯ ಸಹಾಯಧನ ಬೇಕಿದ್ದರೆ ಕನ್ನಡಿಗರ ಪಾಲಿನ ಷರತ್ತು ಮೊದಲಿಂದಲೂ ಇದೆ. ಸಹಾಯಧನವನ್ನು ಕೈಗೆ ಬಂದ ಮೇಲೆ ಎಣಿಸಿ. ಹಾಜರಾತಿ, ಪಿಎಫ್ ಚಲನ್, ನೆಲೆಸಿರುವ ದಾಖಲೆ ಮೂರರಲ್ಲೂ ಒಂದೇ ಹೆಸರು, ಒಂದೇ ಕಾಗುಣಿತ ಇರಬೇಕು. 'ಲಕ್ಷ್ಮಮ್ಮ' ಒಂದು ಕಡೆ 'ಲಕ್ಷ್ಮೀದೇವಿ' ಆದರೆ ಕಡತ ವಾಪಸ್.

ಸೇವೆಯಲ್ಲಿ ನಾವು ನೋಡಬಯಸುವ ಒಂದೇ ಸುಧಾರಣೆ: ಪ್ಲಾಟಿನ ವಿವರದ ಪಕ್ಕದಲ್ಲೇ ಆ ಜಾಗದ ಕೂಲಿ ವಲಯ, ಹತ್ತಿರದ ಇಎಸ್‌ಐ ಔಷಧಾಲಯ, ಬೆಳಗಿನ ಬಸ್ಸಿನ ವೇಳೆ ಇರಬೇಕು. ಬಸ್ಸು ಸಣ್ಣ ವಿಷಯವಲ್ಲ. 400 ಜನಕ್ಕೆ 50 ಸೀಟಿನ ಎಂಟು ಬಸ್ಸು ಬೇಕು. ಒಂದಕ್ಕೆ ತಿಂಗಳಿಗೆ 60,000 ಬಾಡಿಗೆ ಎಂದುಕೊಂಡರೂ 4.8 ಲಕ್ಷ, ಕೂಲಿಯಲ್ಲಿ ಉಳಿಸಿದ 5.18 ಲಕ್ಷ ಬಹುತೇಕ ಅಲ್ಲಿಗೇ ಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತ. ಆದ್ದರಿಂದ ಎಂಟೂವರೆಯ ಪಾಳಿಗೆ ಏಳೂಮುಕ್ಕಾಲಿಗೆ ಬಂದು, ಸಂಜೆ ಆರಕ್ಕೆ ವಾಪಸ್ ಹೋಗುವ ಸರ್ಕಾರಿ ಬಸ್ಸು ಗೇಟಿನ ಎದುರೇ ನಿಲ್ಲುವ ಪ್ಲಾಟಿಗೆ ಎಕರೆಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.