ಆಕ್ಸೆಸ್ ಫಾರ್ಮಿನೊಳಗೇ ಟಚ್ ಕೀಬೋರ್ಡ್: ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ಟಚ್ ಸ್ಕ್ರೀನಿನಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ (ಡೇಟಾಬೇಸ್ ತಂತ್ರಾಂಶ) ಫಾರ್ಮ್ ತುಂಬಬೇಕೆಂದರೆ ವಿಂಡೋಸ್ ಜೊತೆ ಬರುವ ಆನ್‌ಸ್ಕ್ರೀನ್ ಕೀಬೋರ್ಡೇ ಮೊದಲು ಕೈಗೆ ಸಿಗುವುದು. ಆಫೀಸಿನ ಒಳಗೆ ಕೂತು ಕೆಲಸ ಮಾಡುವವರಿಗೆ ಅದು ಧಾರಾಳ ಸಾಕು. ಹೊರಗಿನ ಜನ ನಿಂತು ಹೆಸರು, ವಿಳಾಸ ಒತ್ತುವ ಕೌಂಟರಿಗೆ ಮಾತ್ರ ಬೇಡ. ಆಲ್ಟ್, ಕಂಟ್ರೋಲ್, ವಿಂಡೋಸ್ ಕೀಗಳೆಲ್ಲ ಅದರಲ್ಲಿವೆ. ಯಾರೋ ಸುಮ್ಮನೆ ಒತ್ತಿದರೂ ಫಾರ್ಮ್ ಬಿಟ್ಟು ಆಚೆ ಬಂದುಬಿಡಬಹುದು.

ಅಂಥ ಕಡೆ ಫಾರ್ಮಿನ ಫುಟರಿನಲ್ಲೇ (ಕೆಳಭಾಗದ ಪಟ್ಟಿಯಲ್ಲಿ) ಕೀಗಳನ್ನು ಕೂರಿಸುವುದು ಒಳ್ಳೆಯದು. ಆದರೆ ಬಹಳ ಮಂದಿ ಮೊದಲು ಕಮಾಂಡ್ ಬಟನ್ ಇಟ್ಟು ಸೋಲುತ್ತಾರೆ. ಬಟನ್ ಒತ್ತಿದ ತಕ್ಷಣ ಫೋಕಸ್ (ಒತ್ತಿದ ಅಕ್ಷರ ಹೋಗಿ ಸೇರುವ ಜಾಗ) ಬಟನ್ನಿಗೇ ಹೋಗುತ್ತದೆ. ಫೋಕಸ್ ಬದಲಿಸುವ ಸೆಟ್‌ಫೋಕಸ್ ಆಜ್ಞೆಯಿಂದ ಟೆಕ್ಸ್ಟ್ ಬಾಕ್ಸಿಗೆ ವಾಪಸ್ ಬಂದರೆ ಅಲ್ಲಿರುವುದೆಲ್ಲ ಸೆಲೆಕ್ಟ್ ಆಗಿ, ಮುಂದಿನ ಅಕ್ಷರ ಹಿಂದಿನದನ್ನು ಅಳಿಸಿಹಾಕುತ್ತದೆ. ಅದನ್ನು ಸರಿಪಡಿಸಿ, ಕೀ ಒತ್ತಿದಂತೆ ಮಾಡುವ ಸೆಂಡ್‌ಕೀಸ್ ಆಜ್ಞೆ ಬಳಸಿದರೂ ಸ್ಪೇಸ್ ನಿಲ್ಲುವುದಿಲ್ಲ: ಫೋಕಸ್ ಬಿಟ್ಟಾಗ ಆಕ್ಸೆಸ್ ಕೊನೆಯ ಸ್ಪೇಸನ್ನು ಕತ್ತರಿಸುವುದರಿಂದ ‘ಎಂಜಿ ರೋಡ್’ ಹೋಗಿ ‘ಎಂಜಿರೋಡ್’ ಆಗುತ್ತದೆ. ಸೆಂಡ್‌ಕೀಸ್ ನಮ್‌ಲಾಕನ್ನು ಆರಿಸುವ ಕಾಟ ಬೇರೆ.

ಇದಕ್ಕೆಲ್ಲ ಮದ್ದು ಲೇಬಲ್, ಅಂದರೆ ಫಾರ್ಮಿನ ಮೇಲೆ ಬರೀ ಬರಹ ತೋರಿಸುವ ಚೌಕ. ಯಾವ ಕಂಟ್ರೋಲಿಗೂ (ಟೆಕ್ಸ್ಟ್ ಬಾಕ್ಸಿನಂಥ ಫಾರ್ಮಿನ ಅಂಗಕ್ಕೂ) ಅಂಟಿಸದ ಬಿಡಿ ಲೇಬಲ್ಲಿಗೆ ಕ್ಲಿಕ್ ಇವೆಂಟ್ ಇದೆ, ಆದರೆ ಅದು ಫೋಕಸ್ ಕಸಿಯುವುದಿಲ್ಲ. ಕರ್ಸರ್ ಇದ್ದಲ್ಲೇ ಇರುತ್ತದೆ. ಸ್ಟ್ಯಾಂಡರ್ಡ್ ಮಾಡ್ಯೂಲಿನಲ್ಲಿ (ಎಲ್ಲ ಫಾರ್ಮುಗಳಿಗೂ ಸಿಗುವ ಕೋಡಿನ ಪುಟದಲ್ಲಿ) ಒಂದೇ ಒಂದು ಫಂಕ್ಷನ್ ಬರೆದು (ಫಲ ಮರಳಿಸದ ಸಬ್ ಆಗದು), ಪ್ರತಿ ಲೇಬಲ್ಲಿನ ಆನ್ ಕ್ಲಿಕ್ ಜಾಗದಲ್ಲಿ ಸಮ ಚಿಹ್ನೆ, ಫಂಕ್ಷನ್ನಿನ ಹೆಸರು, ಕಂಸದಲ್ಲಿ ಆ ಅಕ್ಷರದ ಯೂನಿಕೋಡ್ ಸಂಖ್ಯೆ ಹಾಕಿದರೆ ಮುಗಿಯಿತು. ಫಂಕ್ಷನ್ನಿನ ಕೆಲಸ ಇಷ್ಟೇ: ಸ್ಕ್ರೀನ್‌ನ ಆಕ್ಟಿವ್‌ಕಂಟ್ರೋಲ್ (ಈಗ ಫೋಕಸ್ ಇರುವ ಬಾಕ್ಸ್) ಹಿಡಿದು, ಸೆಲ್‌ಸ್ಟಾರ್ಟ್ (ಕರ್ಸರಿನ ಜಾಗ) ಇರುವಲ್ಲಿ ಪಠ್ಯವನ್ನು ಎರಡಾಗಿ ಸೀಳಿ, ನಡುವೆ ಅಕ್ಷರ ಸೇರಿಸಿ ಬಾಕ್ಸಿನ ವ್ಯಾಲ್ಯೂಗೆ ಕೊಟ್ಟು, ಸೆಲ್‌ಸ್ಟಾರ್ಟನ್ನು ಒಂದು ಮುಂದೆ ಸರಿಸುವುದು.

ಅದೇ ಫಂಕ್ಷನ್ನನ್ನು ಆನ್ ಡಬಲ್ ಕ್ಲಿಕ್‌ಗೂ ಹಾಕಲೇಬೇಕು. ಲೇಬಲ್ಲನ್ನು ಬೇಗ ಎರಡು ಸಲ ತಟ್ಟಿದರೆ ಎರಡನೆಯದು ಕ್ಲಿಕ್ ಆಗಿ ಬರುವುದೇ ಇಲ್ಲ. ಮೊಬೈಲ್ ನಂಬರಿನ 9900 ಹೋಗಿ 90 ಆಗುತ್ತದೆ. ಎಷ್ಟೋ ದಿನ ಕಣ್ಣಿಗೆ ಬೀಳದೆ ಡೇಟಾ ಕೆಡಿಸುವ ತಪ್ಪು ಇದು. ಬೆರಳು ಒತ್ತಿಹಿಡಿದರೆ ವಿಂಡೋಸ್ ಅದನ್ನು ರೈಟ್ ಕ್ಲಿಕ್ ಎಂದುಕೊಳ್ಳುತ್ತದೆ, ಆದ್ದರಿಂದ ಫಾರ್ಮಿನ ಶಾರ್ಟ್‌ಕಟ್ ಮೆನು ‘ನೋ’ ಇರಲಿ. ಕೀ ಅಗಲ ಒಂದೂವರೆ ಸೆಂಟಿಮೀಟರ್ ಇದ್ದರೆ ಹಿರಿಯರಿಗೂ ಸಲೀಸು; ಕೋಡಿನಲ್ಲಿ ಅಳತೆ ಕೊಡುವುದಾದರೆ ಸೆಂಟಿಮೀಟರಿಗೆ 567 ಟ್ವಿಪ್ (ಆಕ್ಸೆಸ್ ಬಳಸುವ ಅಳತೆಯ ಮಾನ).

ಈ ವಿಧಾನದ ದೊಡ್ಡ ಕೊರತೆಯೊಂದಿದೆ. ಕೋಡಿನಿಂದ ವ್ಯಾಲ್ಯೂ ಕೊಟ್ಟಾಗ ಟೆಕ್ಸ್ಟ್ ಬಾಕ್ಸಿನ ಬಿಫೋರ್ ಅಪ್‌ಡೇಟ್, ಆಫ್ಟರ್ ಅಪ್‌ಡೇಟ್ (ಬದಲಾವಣೆಗೆ ಮುಂಚೆ, ಆಮೇಲೆ ಓಡುವ ಕೋಡು) ಎರಡೂ ನಡೆಯುವುದಿಲ್ಲ, ಇನ್‌ಪುಟ್ ಮಾಸ್ಕ್ (ಯಾವ ರೂಪದಲ್ಲಿ ಬರೆಯಬೇಕೆಂಬ ಕಟ್ಟುಪಾಡು) ಕೂಡ ತಡೆಯುವುದಿಲ್ಲ. ಹತ್ತಂಕಿ ಇದೆಯೇ ಎಂಬಂಥ ಪರಿಶೀಲನೆಯನ್ನೆಲ್ಲ ಫಾರ್ಮಿನ ಬಿಫೋರ್ ಅಪ್‌ಡೇಟಿಗೆ ಸಾಗಿಸಬೇಕು. ಸಂಖ್ಯೆಯ ಫೀಲ್ಡಿನಲ್ಲಿ ‘12.’ ಒತ್ತುತ್ತಿದ್ದಂತೆ ಚುಕ್ಕಿ ಮಾಯವಾಗಿ 12 ಉಳಿಯುತ್ತದೆ. ಸಂಖ್ಯೆ, ದಿನಾಂಕಗಳನ್ನು ಅನ್‌ಬೌಂಡ್ (ಯಾವ ಫೀಲ್ಡಿಗೂ ಜೋಡಿಸದ) ಬಾಕ್ಸಿನಲ್ಲಿ ಪೂರ್ತಿ ಬರೆಸಿ, ‘ಸರಿ’ ಒತ್ತಿದಾಗ ಫೀಲ್ಡಿಗೆ ಹಾಕುವುದೇ ಕ್ಷೇಮ.

ಕನ್ನಡದ ಕೀಗಳು ಇಲ್ಲಿ ನಿಜಕ್ಕೂ ಖುಷಿ ಕೊಡುತ್ತವೆ. ಆಕ್ಸೆಸ್ ಕೋಡು ಬರೆಯುವ ವಿಬಿಎ ಎಡಿಟರಿನಲ್ಲಿ ಕನ್ನಡ ಬರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು, ನಿಜ. ಆದರೆ ಲೇಬಲ್ಲಿನ ಕ್ಯಾಪ್ಶನ್ ಯೂನಿಕೋಡ್ ಒಪ್ಪುತ್ತದೆ, ಸಂಖ್ಯೆಯನ್ನು ವಿಬಿಎಯ ಸಿಎಚ್‌ಆರ್‌ಡಬ್ಲ್ಯೂ (ChrW) ಫಂಕ್ಷನ್ ಅಕ್ಷರವಾಗಿಸುತ್ತದೆ: ‘ಕ’ಗೆ 3221, ಅರ್ಧಾಕ್ಷರದ ಹಲಂತಕ್ಕೆ 3277. ‘ಕ್ಷ’ ಮೂರು ಸಂಕೇತಗಳ ಸರ. ಒಂದು ಸಲ ಅಳಿಸಿದರೆ ‘ಕ್’ ಉಳಿಯುತ್ತದೆ, ಒತ್ತನ್ನಷ್ಟೇ ತಿದ್ದಬಹುದು. ‘ೊ’ಗೆ 3274ರ ಪ್ರತ್ಯೇಕ ಕೀ ಇಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಜನ ‘ೆ’, ‘ೂ’ ಜೋಡಿಸಿ ‘ಕೊಪ್ಪ’ ಬರೆಯುತ್ತಾರೆ. ಒಂದೇ ಸಂಕೇತದ ‘ೊ’, ಜೋಡಿಸಿದ ‘ೊ’ ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಮಾತ್ರ ಸಿಗದಿರಬಹುದು.

ಒಮ್ಮೆ ಸರಿಯಾಗಿ ಕೂತ ಮೇಲೆ ಬೇರೆ ಫಾರ್ಮಿಗೆ ಮತ್ತೆ ಕಟ್ಟಬೇಕಿಲ್ಲ. ಲೇಬಲ್‌ಗಳನ್ನೆಲ್ಲ ಆಯ್ದು ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡಿದರೆ, ಫಂಕ್ಷನ್ ಮಾಡ್ಯೂಲಿನಲ್ಲಿರುವುದರಿಂದ, ಒಂದು ಸಾಲು ಕೋಡೂ ಬರೆಯದೆ ಕೀಗಳು ಅಲ್ಲೂ ಕೆಲಸ ಮಾಡುತ್ತವೆ.